ಎಂಟನೇ ಹೆಸರಿನ ಮುಂದೆ

ಅರಸೀಕೆರೆ ಸ್ಟೇಷನ್ನಿನ ಮೇಲ್ಸೇತುವೆ ಇಳಿದರೆ
ಎಡಕ್ಕೆ ಸೆಲ್ವನಾಥನ ಸಲೂನು.
ಭಾನುವಾರ ಒಂಬತ್ತಕ್ಕೇ ಅಲ್ಲಿ ಪೇಪರು ನಾಲ್ಕು ಹೋಳು,
ಆಟದ ಪುಟ ಮಾತ್ರ ಕೈಯಿಂದ ಕೈಗೆ,
ಯಾರದೋ ಗಲ್ಲದ ಸೋಪು ತಾಗಿ ಮೂಲೆ ಒದ್ದೆ.

ನಿನ್ನೆ ಹಾಸನದ ಕಲ್ಯಾಣಮಂಟಪದಲ್ಲಿ
ಫುಟ್ಬಾಲ್ ಲೀಗಿಗೆ ಹುಡುಗರನ್ನು ಆರಿಸಿಕೊಂಡರು,
ಆರು ತಂಡ, ಎಂಟು ಸುತ್ತು,
ಒಂದು ಸಲ ಅವರು, ಒಂದು ಸಲ ಇವರು,
ಮದುವೆ ಊಟದ ಪಂಕ್ತಿಯ ಹಾಗೆ.
ನಮ್ಮ ಜಂಕ್ಷನ್ ತಂಡದ ಎಲೆಗೆ ಬಿದ್ದವರಿಗೆಲ್ಲ
ಪೇಪರಿನವರು ಗ್ರೇಡು ಕೊಟ್ಟಿದ್ದಾರೆ:
ಎ ಒಂದು, ಬಿ ಪ್ಲಸ್ ಎರಡು, ಬಿ ನಾಲ್ಕು,
ಕಡೆಯವನು ಬಾಣಾವರದ ಗೋಲ್‌ಕೀಪರ್ ತಿಪ್ಪೇಶ,
ಅವನಿಗೆ ಸಿ.

"ಸಿ ಅಂತೆ, ಸಿ!"
ಇನಾಯತ್ ಕುರ್ಚಿಯಿಂದಲೇ ಎದ್ದ, ಅರ್ಧ ಮೀಸೆ ಬಾಕಿ.
"ಬರೆದೋನು ಬಾಣಾವರಕ್ಕೆ ಹೋಗಿದ್ನಾ?
ಲಾರಿ ಮೇಲಿಂದ ಎಸೆದ ಮೂಟೆ ಹಿಡಿದ ಹಾಗೆ
ಆ ಹುಡುಗ ಚೆಂಡು ಹಿಡಿಯೋದು ಕಂಡಿದ್ನಾ?"

ಮಗನ ಕೂದಲು ಕತ್ತರಿಸಲು ಬಂದ ಗೇಟಿನ ಜಯಶೀಲ
ಬಾಗಿಲಿಗೊರಗಿಯೇ ಹೇಳಿದಳು:
"ಸಿ ಸರಿಯಾಗೇ ಐತೆ.
ಮೂರು ವರ್ಷದಿಂದ ಗೋಲು ಹೊಡೆಯೋರಿಲ್ಲ ನಮಗೆ,
ನೀವು ಮನೆಗೆ ಎರಡನೇ ಬೀಗ ತಂದಿದ್ದೀರಿ,
ಒಳಗೆ ಕದಿಯೋಕೆ ಏನೈತೆ?"

ಆಮೇಲೆ ಕತ್ತರಿ ನಿಂತಿತು.
ಎಲ್ಲರೂ ಒಟ್ಟಿಗೆ ಮಾತಾಡಿದರು. ಮಗು ಅತ್ತಿತು.

ಕೊಬ್ಬರಿ ಮಂಡಿಯ ಜವರಪ್ಪ ಕೈಯೆತ್ತಿ,
ಇಲ್ಲದ ಗಿಟಕೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿದ.
"ಗಡಗಡ ಅಂದ್ರೆ ಒಳಗೆ ಬಿಟ್ಟೈತೆ ಅಂತ ಲೆಕ್ಕ.
ಅದಕ್ಕೂ ಮೊದಲು ಹನ್ನೊಂದು ತಿಂಗಳು ಅಟ್ಟದ ಮೇಲೆ.
ಇವರು ನಿನ್ನೆ ಅಟ್ಟಕ್ಕೆ ಹಾಕಿದ ಕಾಯಿಗೆ
ಇವತ್ತೇ ಟೆಂಡರ್ ಕೂಗಿದ್ರಲ್ಲ!"

ಬೆಂಚಿನಲ್ಲಿ ಮೂರನೆಯವನು ನಾನು.
ಹಾಸನದ ಆ ಪ್ರೆಸ್ಸಿನಲ್ಲಿ ರಾತ್ರಿ ಪುಟ ಕಟ್ಟುತ್ತೇನೆ.
ಇಲ್ಲಿ ಯಾರಿಗೂ ಗೊತ್ತಿಲ್ಲ.
ಕಂಪ್ಯೂಟರ್ ಕೆಲಸ ಅಂದಿದ್ದೇನೆ, ಸುಳ್ಳೇನಲ್ಲ.

ಹನ್ನೆರಡಕ್ಕೆ ಹತ್ತು ನಿಮಿಷ.
ವರದಿಗಾರ ಫೋನಿನಲ್ಲಿ ಕಳಿಸಿದ ಪಟ್ಟಿಯಲ್ಲಿ
ಎಂಟನೇ ಹೆಸರಿನ ಮುಂದೆ ಏನೂ ಇರಲಿಲ್ಲ.
ಕರೆ ಮಾಡಿದೆ. ಸ್ವಿಚ್ ಆಫ್.
ಮೆಷಿನ್ನಿನ ಮುದುಕ ಬೀಡಿ ಆರಿಸಿ ಬಾಗಿಲಿಗೆ ಬಂದು ನಿಂತ.
ಖಾಲಿ ಬಿಟ್ಟರೆ ಪುಟಕ್ಕೆ ಹಲ್ಲು ಬಿದ್ದಂತೆ.
ಮೇಲಿಂದ ಕೆಳಗೆ ಇನ್ನೊಮ್ಮೆ ಓದಿಕೊಂಡೆ,
ಎ, ಬಿ, ಬಿ, ಬಿ,
ಬೆರಳು ತಾನೇ ಮುಂದಿನ ಅಕ್ಷರಕ್ಕೆ ಹೋಯಿತು.
ತಿಪ್ಪೇಶ ಕುಳ್ಳನೋ ಉದ್ದನೋ ನನಗೆ ತಿಳಿಯದು.

ಪಿಯುಸಿಯಲ್ಲಿ ನನಗೆ ಬಂದದ್ದು ಮೂವತ್ತೈದು.
ಕೊಟ್ಟವರ ಬಸ್ಸಿಗೂ ಹೊತ್ತಾಗಿತ್ತೇನೋ.

ಬಾಣಾವರದ ಡ್ಯೂಟಿ ಮುಗಿಸಿ ಬಂದ ಪಳನಿ
ಹಸಿರು ಬಾವುಟ ಕಂಕುಳಲ್ಲಿಟ್ಟುಕೊಂಡೇ ಹೇಳಿದ:
"ಅವರಮ್ಮ ಐದು ಪೇಪರು ಕೊಂಡಳು ಕಣ್ರೀ,
ಸ್ಟೇಷನ್ನಿಗೇ ಬಂದು, ಚಿಲ್ಲರೆ ಎಣಿಸಿ.
ಮಗನ ಹೆಸರು ಅಚ್ಚಾಗಿದೆ, ಪಕ್ಕದಲ್ಲಿ ಇಂಗ್ಲಿಷಿದೆ,
ಏನೋ ಪದವಿ ಇರಬೇಕು ಅಂತ.
ನಾನೂ ಹೂಂ ಅಂದೆ."

ಯಾರೂ ಮಾತಾಡಲಿಲ್ಲ. ಜಯಶೀಲ ಕೂಡ.
ಸೆಲ್ವನಾಥ ಆ ಪುಟವನ್ನು ಕತ್ತರಿಸಿ
ಸೋಪಿನ ನೀರು ಸವರಿ ಕನ್ನಡಿಯ ಅಂಚಿಗೆ ಅಂಟಿಸಿದ.
"ಲೀಗ್ ಮುಗಿಯೋವರೆಗೂ ಇಲ್ಲೇ ಇರಲಿ," ಎಂದ.

ನನ್ನ ಸರದಿ.
ಗಲ್ಲ ಎತ್ತಿದ, ನೊರೆ ಬಳಿದ,
ಹೊಸ ಬ್ಲೇಡು ಮುರಿದು ಕತ್ತಿಗೆ ಸಿಕ್ಕಿಸಿದ.
"ನೀವು ಓದಿದೋರು, ಹೇಳಿ ಸಾರ್,
ಆ ಸಿ ಸರೀನಾ?"

ಕನ್ನಡಿಯಲ್ಲಿ ಆರು ಮುಖ ನನ್ನ ಕಡೆಗೆ,
ಏಳನೆಯದು ತಿಪ್ಪೇಶನ ಹೆಸರು, ಇನ್ನೂ ಒದ್ದೆ.
ಕತ್ತಿ ಗಂಟಲ ಮೇಲಿತ್ತು.
ತಲೆಯಾಡಿಸುವ ಹಾಗಿರಲಿಲ್ಲ,
ಹೌದೆಂದೂ, ಅಲ್ಲವೆಂದೂ.