ಬೋಂಡನ ಬಿಸಿಲು

ನಮ್ಮ ಕಾಮಾಕ್ಷಿಪಾಳ್ಯದ ಮನೆಗೆ ಸೂರ್ಯ
ಹನ್ನೊಂದೂ ಹತ್ತಕ್ಕೆ ಬಂದು
ಹನ್ನೊಂದೂ ನಲವತ್ತಕ್ಕೆ ಹೊರಡುತ್ತಾನೆ.
ಎದುರುಮನೆಯವರು ಮೂರನೇ ಮಹಡಿ ಎಬ್ಬಿಸಿದ ಮೇಲೆ
ಅವನಿಗೂ ಇಲ್ಲಿ ಪಾರ್ಕಿಂಗ್ ಇಲ್ಲ.

ಈ ಅರ್ಧ ಗಂಟೆಗೆ ಹಕ್ಕುದಾರರು ಬಹಳ:
ಒದ್ದೆ ಯೂನಿಫಾರ್ಮು, ಸಂಡಿಗೆ ತಟ್ಟೆ, ಅತ್ತೆಯ ಮಂಡಿ.
ಈಗ ಬೋಂಡ.

ಬೋಂಡ ಅಂದರೆ ಆಮೆ. ಕಣ್ಣಿನ ಹಿಂದೆ ಕೆಂಪು ಪಟ್ಟಿ.
ನಾಣ್ಯದಷ್ಟಿದ್ದಾಗ ಲಿಖಿತ ಹಟ ಹಿಡಿದು
ಶಿವಾಜಿನಗರದಿಂದ ಡಬ್ಬಿಯಲ್ಲಿ ತಂದದ್ದು.
ಈಗ ಅಂಗೈಯಗಲ.
ಮೊನ್ನೆ ಚಿಪ್ಪಿನ ಅಂಚು ಒತ್ತಿದರೆ
ನೆನೆದ ಹಪ್ಪಳದ ಹಾಗೆ ಬಾಗಿತು.

"ಕಿಟಕಿ ಪಕ್ಕಾನೇ ಇಟ್ಟಿದೀವಲ್ಲಮ್ಮ" ಅಂದಳು.
ಗಾಜು ಬೆಳಕನ್ನು ಒಳಗೆ ಕರೆಯುತ್ತದೆ,
ಮೂಳೆಗೆ ಬೇಕಾದದ್ದನ್ನು ಮಾತ್ರ
ಚಪ್ಪಲಿಯ ಹಾಗೆ ಹೊರಗೇ ಬಿಡಿಸುತ್ತದೆ.
ನನಗಾದರೂ ಹೊಳೆಯಬೇಕಿತ್ತು. ಬೆಳಕೇ ನನ್ನ ಕಸುಬು.

ಎಳೆಗೂಸುಗಳ ವಾರ್ಡಿನಲ್ಲಿ ಹದಿನಾಲ್ಕು ವರ್ಷ.
ಅರಿಶಿನ ಬಳಿದಂತೆ ಹುಟ್ಟಿದ ಕೂಸುಗಳನ್ನು
ನೀಲಿ ದೀಪದಡಿ ಮಲಗಿಸಿ, ಕಣ್ಣಿಗೆ ಪಟ್ಟಿ ಕಟ್ಟಿ,
ದೀಪಕ್ಕೂ ಎದೆಗೂ ನಡುವಿನ ದೂರ ಅಳೆದು,
ಬಾಗಿಲಲ್ಲಿ ನಿಂತ ಅಪ್ಪಂದಿರಿಗೆ ಹೇಳುತ್ತೇನೆ:
ಸುಡೋದಿಲ್ಲ, ಹೋಗಿ ಕಾಫಿ ಕುಡಿದು ಬನ್ನಿ.

ಎಸ್.ಪಿ. ರೋಡಿನ ನೂರುಲ್ಲಾ ಸಾಹೇಬರು
ಒಂದು ಕೇಳಿದರೆ ಎರಡು ದೀಪ ತೆಗೆದಿಟ್ಟರು.
"ಇದು ಕಾಯಿಸೋಕೆ, ಇದು ಗಟ್ಟಿ ಮಾಡೋಕೆ.
ಎರಡೂ ಒಂದೇ ಜಾಗಕ್ಕೆ ಬೀಳಲಿ ಮೇಡಂ,
ಸೂರ್ಯ ಏನು ಎರಡು ಕಡೆ ಇರ್ತಾನಾ?"
ರೇಟು ಕೇಳಿ ಬ್ಯಾಗಿನ ಜಿಪ್ಪು ಎಳೆದುಕೊಂಡೆ.
ಮತ್ತೆ ತೆರೆದೆ.

ಅಡುಗೆಕಟ್ಟೆಗೆ ಹಾಕಿ ಉಳಿದ ಕಡಪಾ ಕಲ್ಲು,
ಒರಟು ಮುಖ ಮೇಲೆ. ಅಡಿಗೆ ಎರಡು ಇಟ್ಟಿಗೆ,
ಏರಲು ಹೆಂಚಿನ ತುಂಡಿನ ಇಳಿಜಾರು.
ಕೂರುವ ಜಾಗ ಒಣಗಿರಬೇಕು, ಹೊಟ್ಟೆಯಡಿಯೂ.
ದೀಪ ಅಡಿಯಷ್ಟು ಮೇಲೆ; ಬರೀ ಕ್ಲಿಪ್ಪು ನಂಬದೆ
ಹಳೇ ಸೈಕಲ್ಲಿನ ಚೈನು ಸುತ್ತಿದೆ.
ವೈರು ಒಮ್ಮೆ ಕೆಳಗೆ ತೂಗಿ ಆಮೇಲೆ ಪ್ಲಗ್ಗಿಗೆ ಏರಲಿ,
ಜಾರಿದ ಹನಿ ಆ ತೂಗಿನಲ್ಲೇ ನೆಲಕ್ಕೆ ಬೀಳಲಿ.
ಕಲ್ಲಿನ ಮೇಲೆ ಥರ್ಮಾಮೀಟರು: ಮೂವತ್ತೆರಡು.
"ಆಮೆಗೆ ದೀಪಾವಳಿನಾ?" ಅಂದ ರುದ್ರಮೂರ್ತಿ,
ಕರೆಂಟ್ ಬಿಲ್ಲನ್ನು ಫ್ರಿಜ್ಜಿನ ಮೇಲೆ ಅಂಟಿಸುತ್ತಾ.

ನಾಲ್ಕು ದಿನ ಬೋಂಡ ಹತ್ತಲೇ ಇಲ್ಲ.
ಕಲ್ಲಿನ ನೆರಳಲ್ಲೇ ಮುಳುಗಿ, ಮೂಗಷ್ಟೇ ಹೊರಗೆ.
ಲಿಖಿತ ಎತ್ತಿ ಕೂರಿಸಿದಳು. ದೊಪ್ಪನೆ ಬಿದ್ದ.
ಬಿಡೇ, ಅಂದೆ. ಅವನಿಗೆ ಅದು ಇನ್ನೂ ಬಿಸಿಲಲ್ಲ,
ಮನೆಗೆ ಬಂದ ಅಪರಿಚಿತ.

ಐದನೇ ರಾತ್ರಿ ವಾರ್ಡಿನಲ್ಲಿ
ಆರನೇ ತೊಟ್ಟಿಲಿನ ದೀಪ ಆರಿಸಿದೆವು.
ಪಟ್ಟಿ ಬಿಚ್ಚಿದಾಗ ಕೂಸು
ಟ್ಯೂಬ್‌ಲೈಟಿಗೆ ಮುಖ ಸಿಂಡರಿಸಿತು.
ಬೆಳಿಗ್ಗೆ ಬಸ್ಸಿನಲ್ಲಿ ತೂಕಡಿಸಿ ಮನೆಗೆ ಬಂದರೆ
ಟೈಮರು ಆಗಲೇ ದೀಪ ಹಚ್ಚಿತ್ತು. ಕಲ್ಲಿನ ಮೇಲೆ ಬೋಂಡ:
ಕತ್ತು ಉದ್ದಕ್ಕೆ ಚಾಚಿ, ಹಿಂಗಾಲು ಹಿಂದಕ್ಕೆ ಎಳೆದು,
ಬೆರಳ ನಡುವಿನ ಪೊರೆ ಬಿಚ್ಚಿ, ಕಣ್ಣು ಮುಚ್ಚಿ,
ಕೊನೇ ಕಂತು ಕಟ್ಟಿ ಬಂದವನ ಹಾಗೆ.

ಬ್ಯಾಗು ಇಳಿಸದೆ ನಿಂತಿದ್ದೆ. ಬೂಟೂ ಬಿಚ್ಚಿರಲಿಲ್ಲ.

ಆಮೇಲೆ ಮಾರ್ಕರ್ ಹುಡುಕಿ
ಹೋಲ್ಡರಿನ ಮೇಲೆ ತಾರೀಖು ಬರೆದೆ.
ಈ ದೀಪಗಳು ಕೊಡುವುದನ್ನು ಯಾವತ್ತೋ ನಿಲ್ಲಿಸಿ
ಸುಮ್ಮನೆ ಉರಿಯುತ್ತಲೇ ಇರುತ್ತವೆ,
ನೋಡಿದರೆ ಗೊತ್ತಾಗುವುದಿಲ್ಲ.
ವಾರ್ಡಿನಲ್ಲೂ ಗಂಟೆಯ ಲೆಕ್ಕ ಇಟ್ಟೇ ಬದಲಾಯಿಸುವುದು.

ನನ್ನ ಡಿ ವಿಟಮಿನ್ನು ಒಂಬತ್ತು.
ರಿಪೋರ್ಟು ಹಿಡಿದು ಫಿಲೋಮಿನಾ ಸಿಸ್ಟರ್
ಕೆಮ್ಮು ಬರುವಷ್ಟು ನಕ್ಕಿದ್ದರು.

ಕರ್ಟನ್ ಎಳೆದು ಮಲಗಿದೆ.
ಹನ್ನೊಂದೂ ಐದಕ್ಕೆ ಅಲಾರಾಂ ಇಟ್ಟಿದ್ದೇನೆ.
ಇವತ್ತು ಅತ್ತೆ
ಮಂಡಿ ಸ್ವಲ್ಪ ಆ ಕಡೆ ಜರುಗಿಸಲಿ.