ಅಲ್ಪಟ್ಟು ಅಂಬವ ಯಾರು

ಕಾರವಾರದ ತಹಶೀಲ್ದಾರ ಕಚೇರಿ ಎದುರು, ಝೆರಾಕ್ಸ್ ಅಂಗಡಿಯ ನೆರಳಲ್ಲಿ
ನನ್ನ ಮೇಜು. ಮೂರು ಕಾಲು ಅದಕ್ಕೆ, ನಾಲ್ಕನೆಯದು ಇಟ್ಟಿಗೆ.
ಇಪ್ಪತ್ತೆಂಟು ವರ್ಷ ಬರೆದಿದ್ದೇನೆ ಇಲ್ಲಿ
ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ಸವಿನಯ ಪ್ರಾರ್ಥನೆ,
ಊರವರ ಸಿಟ್ಟಿಗೆಲ್ಲ ಇಸ್ತ್ರಿ ಹಾಕಿ.

ಬುಧವಂತಿ ಹರಿಕಂತ್ರ ಬಂದಳು ಕೋಡಿಬಾಗದಿಂದ,
ಪಾದದ ತುಂಬ ಚಿಪ್ಪು ಕೊಯ್ದ ಗೆರೆ.
ಹೇಳಿದ್ದನ್ನು ಬರೆದೆ. ಓದಿ ತೋರಿಸಿದೆ:
"ಕಾಳಿ ನದಿಯ ಅಳಿವೆಯಲ್ಲಿ ಮರಳು ತೆಗೆಯಲ್ಪಟ್ಟು,
ಬಳಚಿನ ನೆಲೆಗಳು ನಾಶಗೊಳಿಸಲ್ಪಟ್ಟು..."

"ನಿಲ್ಸಿ ಒಡ್ಯಾ. ಈ ಅಲ್ಪಟ್ಟು ಅಂಬವ ಯಾರು?
ನಾ ಕಂಡದ್ದು ಎರಡು ಬೋಟು, ಒಂದು ಹಳದಿ ಯಂತ್ರ.
ಅವನ ನಾ ಕಾಣ್ಲೇ ಇಲ್ಲ."

ನಗು ಬಂತು. ಆಮೇಲೆ ಬರಲಿಲ್ಲ.
ಆ ಪ್ರತ್ಯಯದೊಳಗೆ ಎಷ್ಟು ಜನರನ್ನು ಅಡಗಿಸಿಟ್ಟಿದ್ದೆ,
ಬೇಲಿ ಸರಿಸಿದವರು, ಸಹಿ ತಿದ್ದಿದವರು,
ಅಣ್ಣನ ಪಾಲು ನುಂಗಿದ ಒಬ್ಬ ತಮ್ಮ,
ಎಲ್ಲರೂ ಅಲ್ಲಿ ತಣ್ಣಗೆ ಕೂತಿದ್ದರು.

ಹೊಡೆದು ಹಾಕಿದೆ.
ಗುತ್ತಿಗೆದಾರರು ಯಂತ್ರ ತಂದರು. ಮರಳು ತೆಗೆದರು. ಬಳಚು ಸತ್ತಿತು.
ಇಳಿತಕ್ಕೆ ನೀರು ಸರಿದ ಹಾಗೆ
ಯಾರ ಹೆಜ್ಜೆ ಎಲ್ಲಿ ಊರಿತ್ತು ಎಂದು ಕಂಡಿತು ಹಾಳೆಯಲ್ಲಿ.

"ಜೀವನೋಪಾಯಕ್ಕೆ ತೀವ್ರ ಧಕ್ಕೆ" ಎಂದು ಮುಂದುವರಿಸುತ್ತಿದ್ದೆ.
ಅವಳು ತಲೆಯಾಡಿಸಿದಳು. "ಈಗ ಕೆಸರಲ್ಲಿ ನಿಂತ್ರೆ
ಕಾಲಿಗೆ ಎಂತದೂ ತಾಗೂದಿಲ್ಲ. ಅಷ್ಟೇ ಬರೀರಿ."
ಬರೆದೆ. ಚುಕ್ಕಿ ಇಟ್ಟೆ.
ಒಂದು ವಿಶೇಷಣಕ್ಕೂ ಅಲ್ಲಿ ಜಾಗ ಉಳಿದಿರಲಿಲ್ಲ.

ತಿಂಗಳ ಮೇಲೆ ಉತ್ತರ ಹಿಡಿದು ಬಂದಳು. ಒಂದೇ ಸಾಲು:
"ಪರಿಶೀಲಿಸಲಾಗುವುದು."
"ಯಾರು?" ಅಂದಳು.
ಮಡಚಿ ಎಲೆ ಸಂಚಿಯೊಳಗೆ ತುರುಕಿದಳು.

ಆ ರಾತ್ರಿ ಅಂಕೋಲೆಯ ತಂಗಿಗೆ ಕಾಗದ ಬರೆಯಲು ಕೂತೆ.
ಹನ್ನೊಂದು ವರ್ಷದ ಹಿಂದೆ ಬರೆದದ್ದು ಇನ್ನೂ ಬಾಯಿಪಾಠ:
"ಅಮ್ಮನ ಬಳೆಗಳು ಅನಿವಾರ್ಯವಾಗಿ ಮಾರಲ್ಪಟ್ಟವು."
ಅವಳು ಅದಕ್ಕೆ ಉತ್ತರ ಬರೆಯಲಿಲ್ಲ.
ಬರೆಯುವುದು ಯಾರಿಗೆ, ಅಲ್ಪಟ್ಟುವಿಗೆ?

ಕನ್ನಡದಲ್ಲಿ ನಾನು ಎಂದು ಬರೆಯಬೇಕಾಗಿಯೂ ಇಲ್ಲ.
ಮಾರಿದೆ ಎಂದರೆ ಸಾಕು,
ಆ ಕೊನೆಯ ಎಕಾರದಲ್ಲಿ ಸಿಕ್ಕಿಬೀಳುತ್ತೇನೆ.

ಬಳೆ ಮಾರಿ
ಎಂದಲ್ಲಿಗೆ ಪೆನ್ನು ನಿಂತಿತು. ಅಪೂರ್ಣ ಕ್ರಿಯೆ.
ಎಷ್ಟು ಹೊತ್ತು ಬೇಕಾದರೂ ಹಾಗೆ ನಿಲ್ಲಬಹುದು ಅದು,
ಮಾರಿ, ಮನೆಗೆ ಬಂದು, ಊಟ ಮಾಡಿ, ಮಲಗಿ...
ಬೈತಖೋಲದ ಕಡೆಯಿಂದ ಬೋಟೊಂದರ ಸದ್ದು ಬಂತು, ಹೋಯಿತು.

ದೆ.