ಬೂದಿ ಎಲ್ಲಿ ಹಾಕಲಿ

ಲಿಯೆಪಾಯಾ ನಗರಸಭೆಯ ಹಳೆಯ ಜಾಲತಾಣ
ಅದರ ಮೂರಂತಸ್ತಿನ ಕಟ್ಟಡದ ಪಡಿಯಚ್ಚು:
ಮೇಲೆ ಅಧ್ಯಕ್ಷರು, ಕೆಳಗೆ ಇಲಾಖೆಗಳು,
ಇಲಾಖೆಯೊಳಗೆ ಉಪವಿಭಾಗ, ಅದರೊಳಗೆ ಇನ್ನೊಂದು ಬಾಗಿಲು.
ಕುರ್ಚಿಗಳಿಗೆಲ್ಲ ಜಾಗವಿತ್ತು,
ಪ್ರಶ್ನೆಗಳಿಗೆ ಇರಲಿಲ್ಲ.

ಅದನ್ನು ಬದಲಿಸುವ ಕೆಲಸ ನನ್ನದು.
ಜನವರಿ. ಗ್ರಂಥಾಲಯದ ಹಿಂಬದಿಯ ಕೋಣೆ,
ಕಿಟಕಿಯ ಸಂದಿಯಲ್ಲಿ ಬಾಲ್ಟಿಕ್ ಗಾಳಿಯ ಸಿಳ್ಳೆ.
ಒಂದು ಲ್ಯಾಪ್‌ಟಾಪು, ಒಂದು ಫ್ಲಾಸ್ಕು, ಒಂದು ನಿಯಮ:
ಬಂದವರು ಎಡವಲಿ, ತಡವರಿಸಲಿ, ದಾರಿ ತಪ್ಪಲಿ,
ನೀನು ಬಾಯಿ ಬಿಡಕೂಡದು,
ಬೆರಳನ್ನೂ ಎತ್ತಕೂಡದು.

ಮೊದಲು ಬಂದವರು ಸ್ಕೈದ್ರೀತೆ, ಎಪ್ಪತ್ತೊಂದು ವರ್ಷ.
‘ಒಲೆಯ ಬೂದಿ ಯಾವ ದಿನ ಒಯ್ಯುತ್ತಾರೆ, ಹುಡುಕಿ’ ಎಂದೆ.
‘ಪರಿಸರ’ ಒತ್ತಿದರು. ಕೆರೆಯ ಹಂಸಗಳ ಚಿತ್ರ ಬಂತು.
‘ಚೆನ್ನಾಗಿವೆ’ ಎಂದು ವಾಪಸಾದರು.
‘ವಸತಿ ನೀತಿ’ಯಲ್ಲಿ ನೂರಹನ್ನೆರಡು ಪುಟದ ಕಡತ.
‘ಘನತ್ಯಾಜ್ಯ ನಿರ್ವಹಣೆ’ಯ ಮೇಲೆ ಬಾಣ ನಿಂತಿತು,
ನಡುಗಿತು, ಮುಂದೆ ಹೋಯಿತು.
‘ಇದು ಕಾರ್ಖಾನೆಯವರದ್ದಿರಬೇಕು,’ ತಮಗೇ ಹೇಳಿಕೊಂಡರು,
‘ನಮ್ಮದು ಬರೀ ಕಸ.’
ನಾಲಗೆ ಕಚ್ಚಿಕೊಂಡು ಕೂತೆ.

ಟ್ರಾಮ್ ಓಡಿಸುವ ಗುಂತಿಸ್ ಅರವತ್ತು ಚೀಟಿಗಳನ್ನು
ಇಸ್ಪೀಟಿನಂತೆ ಮೇಜಿನ ತುಂಬ ಹರಡಿದ.
ನಾಯಿಯ ನೋಂದಣಿಯನ್ನು ಶಾಲೆಯ ಪಕ್ಕ ಇಟ್ಟ.
ಯಾಕೆಂದು ಕೇಳಿದೆ. (ಅಷ್ಟಕ್ಕೆ ಅನುಮತಿ ಇದೆ.)
‘ಎರಡೂ ಮಗಳದ್ದು.’
ಸ್ಮಶಾನ, ದೋಣಿ ಕಟ್ಟುವ ಜಾಗ, ಉರುಳಿದ ಮರ, ಬೂದಿ
ಒಂದೊಂದಾಗಿ ‘ಇತರೆ’ಯ ಗುಡ್ಡೆಗೆ ಬಿದ್ದವು.
ಸಂಜೆಯ ಹೊತ್ತಿಗೆ ಆ ಗುಡ್ಡೆಯೇ ಊರಾಗಿತ್ತು.

ಅಲ್ಲಾ, ಇಷ್ಟು ವರ್ಷ ಹೇಗೆ ನಡೀತು?
ಎಂಟು ಜನರಲ್ಲಿ ಆರು ಜನರ ಉತ್ತರ ಒಂದೇ:
‘ವೆಲ್ಗಾಗೆ ಫೋನ್ ಮಾಡ್ತೀವಿ.’

ನೆಲಮಹಡಿ, ಮೆಟ್ಟಿಲ ಕೆಳಗೆ, ಇಪ್ಪತ್ತೆರಡು ವರ್ಷದಿಂದ.
ಅವಳ ಚೌಕುಳಿ ಹಾಳೆಯ ನೋಟುಬುಕ್ಕಿನ ರಟ್ಟು
ಸವೆದು ಸವೆದು ಬಟ್ಟೆಯಾಗಿದೆ.
ಒಂದು ಇಲಾಖೆಯ ಹೆಸರೂ ಇಲ್ಲ ಅದರಲ್ಲಿ.
ಮರ ಬಿದ್ದಿದೆ.
ಬೀದಿ ದೀಪ ಕಣ್ಣು ಹೊಡೀತಿದೆ.
ಮಗು ಹುಟ್ಟಿತು, ಈಗೇನು?
ಗಂಡ ಹೋದ, ಮೊದಲು ಎಲ್ಲಿಗೆ?
ಬೂದಿ. ಪಕ್ಕದಲ್ಲೇ ಕೆಂಪು ಶಾಯಿ:
ಬಿಸಿ ಆರಲಿ. ತಗಡಿನ ಡಬ್ಬಿ. ಗುರುವಾರ.

ಮೂರು ವಾರ ಅದನ್ನೇ ಮೆನುವಿಗೆ ಇಳಿಸಿದೆವು.
ಉಪಾಧ್ಯಕ್ಷ ಅರ್ವೀಡ್ಸ್ ಕೇಳಿದರು:
‘ದೊಡ್ಡಕ್ಷರದಲ್ಲಿ ಕಸ ಅಂತ ಬರೆದರೆ ನಗರಸಭೆಯ ಮರ್ಯಾದೆ?’
ಸ್ಕೈದ್ರೀತೆಯ ಬಾಣ ನಡುಗಿದ ಆ ನಲವತ್ತು ಸೆಕೆಂಡು
ಗೋಡೆಯ ಮೇಲೆ ಓಡಿಸಿದೆ.
ಅವರು ಕನ್ನಡಕ ತೆಗೆದು ಒರೆಸಿದರು.
‘ನನಗೆ ಗಣಿತ ಕಲಿಸಿದವರು.’
‘ಕಸ’ ಪಾಸಾಯಿತು.

ಮಾರ್ಚಿನಲ್ಲಿ ಮತ್ತೆ ಅದೇ ಕೋಣೆ, ಅದೇ ಬೂದಿ.
ಒಂಬತ್ತು ಸೆಕೆಂಡು.
‘ಇಷ್ಟೇನಾ?’ ಎಂದರು ಸ್ಕೈದ್ರೀತೆ, ಕೊಂಚ ಸಿಟ್ಟಿನಲ್ಲೇ,
‘ನಾನೇ ದಡ್ಡಿ ಅಂದ್ಕೊಂಡಿದ್ನಲ್ಲ.’

ಎಲ್ಲರೂ ಹೋದ ಮೇಲೆ ವೆಲ್ಗಾ ಬಂದಳು, ಯಾರೂ ಕರೆದಿರಲಿಲ್ಲ.
ತನ್ನದೇ ಮಾತುಗಳ ನಡುವೆ
ತವರಿಗೆ ಬಂದವಳಂತೆ ಓಡಾಡಿದಳು.
ಆಮೇಲೆ ತನಗೆ ತಾನೇ ಒಂದು ಕೆಲಸ ಕೊಟ್ಟುಕೊಂಡಳು:
ಫೋನ್ ನಂಬರು.
ಮೇಲೆ ನೋಡಿದಳು. ಕೆಳಗೆ ಜಾರಿದಳು.
‘ಮನೆ’ ತೆರೆದಳು, ಮುಚ್ಚಿದಳು.
ಎರಡು ನಿಮಿಷ. ಮೂರು.
‘ಕಸ’ದ ಮೇಲೆ ಬಾಣ ಒಂದು ಗಳಿಗೆ ನಿಂತಿತು.

ನಿಯಮ ನನಗೆ ಗೊತ್ತು.
ಬೆರಳು ಚಾಚಿದೆ: ಎಲ್ಲಕ್ಕಿಂತ ಕೆಳಗೆ,
ತಿಳಿಬೂದು ಅಕ್ಷರದಲ್ಲಿ, ‘ಇತರೆ’.

ಪರೀಕ್ಷೆ ಅಸಿಂಧು ಎಂದು ಬರೆದುಕೊಂಡೆ.
ಅವಳು ಫ್ಲಾಸ್ಕಿನ ತಳದ ಕಾಫಿಯನ್ನು
ಇಬ್ಬರಿಗೂ ಬಗ್ಗಿಸಿದಳು.
‘ಗುರುವಾರ ರಜೆ ಬಿದ್ದರೆ ಬೂದಿ ಯಾವತ್ತು?
ಹಾಕಿದ್ದೀರಾ ಅದನ್ನ?’

ಹಾಕಿರಲಿಲ್ಲ.